ನಮ್ಮ ಊರಿಗೆ ಸ್ವಾತಂತ್ರ್ಯ ಬಂದದ್ದು ಯಾವಾಗ?

ಆಗಸ್ಟ್ ತಿಂಗಳು ಸಮೀಪಿಸುತ್ತಿದ್ದಂತೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಬರುವ ದೂರವಾಣಿ ಕರೆಗಳು ಹೆಚ್ಚಾಗುತ್ತವೆ. ಕುಶಲೋಪರಿಯೆಲ್ಲ ಮುಗಿದ ಮೇಲೆ ಮೆಲ್ಲನೆ ವಿಷಯಕ್ಕೆ ಬರುತ್ತಾರೆ: "ಸರ್, ಮಗಳು ಶಾಲೆಯಲ್ಲಿ ಭಾಷಣ ಮಾಡಬೇಕಂತೆ. ಎರಡು ನಿಮಿಷಕ್ಕಾಗುವಷ್ಟು ಬರೆದುಕೊಡಿ." ಮೂರೂವರೆ ದಶಕ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಇಂಥ ಬೇಡಿಕೆ ಸಂತೋಷವನ್ನೇ ಕೊಡುತ್ತದೆ. ಆದರೆ ಆ ಭಾಷಣ ಹೇಗಿರಬೇಕೆಂಬುದು ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ. ವೇದಿಕೆಯ ಮೇಲಿರುವ ಗಣ್ಯರಿಗೆ ವಂದನೆ, ಇನ್ನೂರು ವರ್ಷಗಳ ದಾಸ್ಯ, ಐದಾರು ನಾಯಕರ ಹೆಸರು, 1947ರ ಆಗಸ್ಟ್ 15ರ ಮಧ್ಯರಾತ್ರಿ, ಕೊನೆಗೆ ಜೈಹಿಂದ್. ನಾನು ಸೇವೆಗೆ ಸೇರಿದ ಎಂಬತ್ತರ ದಶಕದಲ್ಲಿಯೂ ಮಕ್ಕಳು ಇದೇ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದರು. ನಾನು ನಿವೃತ್ತನಾದ ವರ್ಷವೂ ಇದನ್ನೇ ಕೇಳಿದೆ. ಹೇಳುವ ಮಗು ಮಾತ್ರ ಬದಲಾಗುತ್ತಿತ್ತು.

ಇದರಲ್ಲಿ ಸುಳ್ಳೇನೂ ಇಲ್ಲ. ಪ್ರಭಾತಫೇರಿ, ಧ್ವಜಾರೋಹಣ, ಛದ್ಮವೇಷ, ಲಾಡು ಹಂಚಿಕೆ ಇವುಗಳ ಬಗ್ಗೆಯೂ ನನಗೆ ತಕರಾರಿಲ್ಲ. ಮಲೆನಾಡಿನ ಸೋನೆ ಮಳೆಯಲ್ಲಿ ಮಕ್ಕಳು ನೆನೆಯುತ್ತ ಸಾಲಾಗಿ ನಿಂತು, ಬಾವುಟದ ಗಂಟು ಸರಾಗವಾಗಿ ಬಿಚ್ಚಿಕೊಂಡೀತೇ ಎಂದು ಪಿ.ಇ. ಮೇಷ್ಟ್ರ ಮುಖ ನೋಡುವ ಆ ಗಳಿಗೆಗೆ ಅದರದೇ ಆದ ಚೆಲುವಿದೆ. ಹಬ್ಬ ಹಬ್ಬದಂತೆಯೇ ಇರಲಿ. ನನ್ನ ಮಾತು ಹಬ್ಬದ ಹಿಂದಿನ ವಾರ ತರಗತಿಯಲ್ಲಿ ಏನು ನಡೆಯಬೇಕೆಂಬುದನ್ನು ಕುರಿತದ್ದು. ಆ ವಾರ ನಾವು ಮಕ್ಕಳಿಗೆ ಸಿದ್ಧ ಉತ್ತರವೊಂದನ್ನು ಕೊಟ್ಟು ಕಂಠಪಾಠ ಮಾಡಿಸುತ್ತೇವೆ. ಅದರ ಬದಲು ಒಂದೇ ಒಂದು ಪ್ರಶ್ನೆಯನ್ನು ಕೊಟ್ಟು ಮನೆಗೆ ಕಳುಹಿಸಬೇಕೆಂಬುದು ನನ್ನ ಬಹುಕಾಲದ ಅಭಿಪ್ರಾಯ. ನಮ್ಮ ಊರಿಗೆ ಸ್ವಾತಂತ್ರ್ಯ ಬಂದದ್ದು ಯಾವಾಗ, ಎಂಬುದೇ ಆ ಪ್ರಶ್ನೆ.

ಇದೇನು ಪ್ರಶ್ನೆ, ಇಡೀ ದೇಶಕ್ಕೆ ಬಂದ ದಿನವೇ ನಮ್ಮ ಊರಿಗೂ ಬಂತಲ್ಲವೇ ಎಂದು ನೀವು ಕೇಳಬಹುದು. 1947ರ ಭೂಪಟವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಇಂದಿನ ಕರ್ನಾಟಕ ಅಂದು ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಮದ್ರಾಸಿಗೆ ಸೇರಿದ್ದವು. ಕೊಡಗು ಬ್ರಿಟಿಷರ ನೇರ ಆಡಳಿತದ ಪುಟ್ಟ ಪ್ರಾಂತ್ಯ. ಬೀದರ, ಕಲಬುರಗಿ, ರಾಯಚೂರು ಹೈದರಾಬಾದಿನ ನಿಜಾಮನ ಕೈಯಲ್ಲಿದ್ದವು. ಸಂಡೂರು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನಂಥ ಸಣ್ಣ ಸಂಸ್ಥಾನಗಳು ಬೇರೆ. ಉಳಿದ ಭಾಗ ಮೈಸೂರು ಮಹಾರಾಜರದು. ಇವೆಲ್ಲ ಒಂದಾದದ್ದು 1956ರ ನವೆಂಬರ್ 1ರಂದು. 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ. ಅಂದಮೇಲೆ 1947ರ ಆಗಸ್ಟ್ 15ರ ಬೆಳಗು ಧಾರವಾಡದ ಮಗುವಿಗೂ ರಾಯಚೂರಿನ ಮಗುವಿಗೂ ಒಂದೇ ಬೆಳಗಾಗಿರಲಿಲ್ಲ.

ಮೈಸೂರಿನ ಸಂಗತಿಯನ್ನೇ ನೋಡಿ. ಜಯಚಾಮರಾಜೇಂದ್ರ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ 1947ರ ಆಗಸ್ಟ್ 9ರಂದೇ ಸಹಿ ಹಾಕಿದ್ದರು. ಆದರೆ ಸಂಸ್ಥಾನದೊಳಗೆ ಅಧಿಕಾರ ಇನ್ನೂ ದಿವಾನರ ಕೈಯಲ್ಲಿಯೇ ಇತ್ತು. ಜನರಿಗೆ ಹೊಣೆಯಾದ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಆರಂಭವಾಯಿತು. ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ 'ಆರ್ಕಾಟ್ ಬಾಯ್ಕಾಟ್' ಎಂಬ ಘೋಷಣೆ ಬೀದಿ ಬೀದಿಗಳಲ್ಲಿ ಮೊಳಗಿತು. ಶಾಲಾ ಕಾಲೇಜುಗಳ ಹುಡುಗರು ಹೊರಗೆ ಬಂದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತವನ್ನು ನಿಮ್ಮಲ್ಲಿ ಅನೇಕರು ನೂರಾರು ಬಾರಿ ದಾಟಿದ್ದೀರಿ. ಆ ಹೆಸರು ಆ ಹುಡುಗನದು. ದೆಹಲಿಯಲ್ಲಿ ಸ್ವಾತಂತ್ರ್ಯದ ಸಂಭ್ರಮ ನಡೆದು ತಿಂಗಳು ಸಂದಿರುವಾಗ ಮೈಸೂರಿನಲ್ಲಿ ಒಬ್ಬ ವಿದ್ಯಾರ್ಥಿ ಅದೇ ಸ್ವಾತಂತ್ರ್ಯಕ್ಕಾಗಿ ಪ್ರಾಣ ಬಿಟ್ಟ. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಹಳೆಯ ಮೈಸೂರು ಭಾಗದ ಮಗುವೊಂದು ಆಗಸ್ಟ್ ಹದಿನೈದರ ಭಾಷಣದಲ್ಲಿ ಈ ಎರಡು ತಿಂಗಳುಗಳ ಕಥೆಯನ್ನು ಹೇಳದಿದ್ದರೆ ಅದು ಯಾವ ಊರಿನ ಭಾಷಣವೆಂದು ಕರೆಯೋಣ?

ಇನ್ನು ನನ್ನ ಬೀಗರ ಊರಾದ ರಾಯಚೂರಿನ ಕಡೆಯದು ಮತ್ತೊಂದು ಕಥೆ. ಬೀಗರ ತಾಯಿಯವರು ಬದುಕಿದ್ದಾಗ ಒಮ್ಮೆ ನಾನು ಆಗಸ್ಟ್ ಹದಿನೈದರ ನೆನಪುಗಳನ್ನು ಕೇಳಿದೆ. ಅಜ್ಜಿ ನಕ್ಕು, "ನಿಮ್ಮ ಕಡಿಗೆ ಬಂದು ವರ್ಷದ ಮ್ಯಾಲ ನಮಗ ಬಂತ್ರಿ, ಬೀಗರ. ಅಲ್ಲೀಮಟ ಹೊತ್ತು ಮುಳುಗೂದ್ರಾಗ ಬಾಗಿಲ ಹಾಕ್ಕೊಂಡು ಕುಂದರತಿದ್ವಿ" ಎಂದರು. ನಿಜಾಮನು ಒಕ್ಕೂಟಕ್ಕೆ ಸೇರಲೊಪ್ಪಲಿಲ್ಲ. ರಜಾಕಾರರ ಹಾವಳಿಗೆ ಹೆದರಿ ಸಾವಿರಾರು ಕುಟುಂಬಗಳು ಗಡಿ ದಾಟಿದವು. ಮುಂಡರಗಿಯಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ನಿಜಾಮನ ಶರಣಾಗತಿಯೊಂದಿಗೆ ಮುಗಿಯಿತು. ಆದ್ದರಿಂದಲೇ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಸೆಪ್ಟೆಂಬರ್ 17ರಂದು ಮತ್ತೊಮ್ಮೆ ಬಾವುಟ ಏರುತ್ತದೆ. ಆ ಕಥೆಯನ್ನು ಹೇಳುವ ಶಿಕ್ಷಕ ಅರ್ಧಕ್ಕೆ ನಿಲ್ಲಿಸಬಾರದು. ರಜಾಕಾರರು ನಡೆಸಿದ ಹಿಂಸೆಯನ್ನು ಹೇಳಿದಂತೆಯೇ, ಕಾರ್ಯಾಚರಣೆಯ ಬೆನ್ನಲ್ಲೇ ನಿರಪರಾಧಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಹೇಳಬೇಕು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡ ಅದನ್ನು ದಾಖಲಿಸಿದೆ. ಒಂದು ಕಡೆಯ ಕಣ್ಣೀರನ್ನು ಮಾತ್ರ ಎಣಿಸಲು ಕಲಿತ ಮಗು ಮುಂದೆ ನೆರೆಮನೆಯವರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಮಕ್ಕಳಿಗೆ ಇಷ್ಟೊಂದು ಗೊಂದಲವೇಕೆ, ಒಂದು ದಿನಾಂಕ ಸಾಲದೇ ಎಂದು ಸಹೋದ್ಯೋಗಿ ಮಿತ್ರರು ಕೇಳುತ್ತಿದ್ದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಒಂದೇ ಉತ್ತರ ಬೇಕು. ಆದರೆ ಆಗಸ್ಟ್ 15ರ ಘನತೆ ಇದರಿಂದ ಕಿಂಚಿತ್ತೂ ಕಡಿಮೆಯಾಗುವುದಿಲ್ಲವೆಂದು ನಾನು ನಂಬಿದ್ದೇನೆ. ಅಂದು ಬಂದದ್ದು ಬಾಗಿಲ ಕೀಲಿಕೈ. ಒಂದೊಂದು ಊರಿನವರೂ ತಂತಮ್ಮ ಬಾಗಿಲನ್ನು ತೆರೆಯಲು ಪಟ್ಟ ಪಾಡು ಬೇರೆ ಬೇರೆ. ಆ ಪಾಡನ್ನು ಕೇಳಿದ ಮಗುವಿಗೆ, ಸ್ವಾತಂತ್ರ್ಯವೆಂಬುದು ಎಲ್ಲೋ ದೂರದಲ್ಲಿ ದೊಡ್ಡವರು ಸೇರಿ ಹಂಚಿದ ಲಾಡು ಎಂಬ ಭಾವನೆ ಉಳಿಯುವುದಿಲ್ಲ. ನಮ್ಮಂಥವರೇ, ನಮ್ಮೂರಿನ ಪಕ್ಕದವರೇ ಪಡೆದದ್ದು ಎಂದು ತಿಳಿಯುತ್ತದೆ.

ನನ್ನ ಸೇವೆಯ ಮೊದಲ ವರ್ಷಗಳು ಶಿಕಾರಿಪುರ ತಾಲ್ಲೂಕಿನಲ್ಲಿ ಕಳೆದವು. ಈಸೂರು ಅಲ್ಲಿಗೆ ಸಮೀಪ. 1942ರಲ್ಲಿ ಆ ಹಳ್ಳಿಯವರು ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ, ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡಿದ್ದರು. ಈ ಭಾಗವನ್ನು ಹೇಳುವಾಗ ಇಡೀ ತರಗತಿ ನಕ್ಕು ಅರಳುತ್ತಿತ್ತು; ತಮ್ಮ ವಯಸ್ಸಿನವನೊಬ್ಬ ಅಮಲ್ದಾರನಾದ ಕಥೆ ಯಾವ ಹುಡುಗನಿಗೆ ಬೇಡ? ಮುಂದಿನ ಭಾಗಕ್ಕೆ ಬಂದಾಗ ನಗು ನಿಲ್ಲುತ್ತಿತ್ತು. ಸೆಪ್ಟೆಂಬರಿನಲ್ಲಿ ಊರಿಗೆ ಬಂದ ನಿಜವಾದ ಅಮಲ್ದಾರರಿಗೂ ಊರಿನವರಿಗೂ ಘರ್ಷಣೆಯಾಗಿ ಅಮಲ್ದಾರರು ಮತ್ತು ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಊರಿನ ಮೇಲೆ ಪೊಲೀಸರು ಎರಗಿದರು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು.

ಈಸೂರಿನ ಪಾಠದಲ್ಲಿ ಎರಡು ಪ್ರಶ್ನೆಗಳನ್ನು ಮಕ್ಕಳೇ ಎತ್ತುತ್ತಿದ್ದರು. ಈಸೂರು ಮೈಸೂರು ಮಹಾರಾಜರ ಸೀಮೆಯಲ್ಲಿತ್ತಲ್ಲ, ಹಾಗಾದರೆ ಗಲ್ಲಿಗೇರಿಸಿದವರು ಬ್ರಿಟಿಷರೋ ನಮ್ಮವರೋ, ಎಂಬುದು ಒಂದು. ಗಾಂಧಿಯವರು ಅಹಿಂಸೆ ಎಂದಿದ್ದರಲ್ಲ, ಆ ಇಬ್ಬರು ಅಧಿಕಾರಿಗಳ ಮನೆಯವರ ಗತಿಯೇನು, ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೇರವಾದ ಉತ್ತರವಿದೆ. ಆ ಗಲ್ಲು ಮೈಸೂರು ಸರ್ಕಾರದ್ದು. ಸಂಸ್ಥಾನಗಳಲ್ಲಿ ಜನ ಎರಡೆರಡು ಪ್ರಭುತ್ವಗಳೊಡನೆ ಹೆಣಗಬೇಕಿತ್ತು. ಎರಡನೆಯ ಪ್ರಶ್ನೆಗೆ ನಾನು ಉತ್ತರ ಹೇಳಿಕೊಡುತ್ತಿರಲಿಲ್ಲ. ತರಗತಿಯನ್ನು ಚರ್ಚೆಗೆ ಬಿಡುತ್ತಿದ್ದೆ. ಹದಿನಾಲ್ಕು ವರ್ಷದ ಮಕ್ಕಳು ಎಷ್ಟು ಎಚ್ಚರದಿಂದ ಮಾತಾಡಬಲ್ಲರೆಂಬುದನ್ನು ಆ ಅವಧಿಗಳಲ್ಲಿ ಕಂಡಿದ್ದೇನೆ. ಗಲ್ಲಿಗೇರಿದ ಐವರ ಬಗ್ಗೆ ಗೌರವವನ್ನಿಟ್ಟುಕೊಂಡೇ ಸತ್ತ ಇಬ್ಬರ ಬಗ್ಗೆ ಮರುಗುವುದು ಅವರಿಗೆ ಕಷ್ಟವೆನಿಸುತ್ತಿರಲಿಲ್ಲ. ಕಷ್ಟ ದೊಡ್ಡವರಿಗೆ.

ಮುಂದೆ ವರ್ಗವಾಗಿ ಗೌರಿಬಿದನೂರು ತಾಲ್ಲೂಕಿಗೆ ಹೋದಾಗ ವಿದುರಾಶ್ವತ್ಥದ ಪಾಠ ತಾನಾಗಿಯೇ ಒದಗಿತು. ನಾಗರಕಲ್ಲುಗಳಿಂದ ತುಂಬಿದ ಆ ಕ್ಷೇತ್ರಕ್ಕೆ ಮಕ್ಕಳೆಲ್ಲ ಮನೆಯವರೊಡನೆ ಹೋಗಿದ್ದವರೇ. ಆದರೆ 1938ರ ಏಪ್ರಿಲ್ 25ರಂದು ಅಲ್ಲಿ ನಡೆದ ಗೋಲಿಬಾರು ಅನೇಕರಿಗೆ ತಿಳಿದಿರಲಿಲ್ಲ. ಅದೇ ತಿಂಗಳ ಆರಂಭದಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧವನ್ನು ಮೀರಿ ಬಾವುಟ ಏರಿತ್ತು. ವಿದುರಾಶ್ವತ್ಥದಲ್ಲಿಯೂ ಬಾವುಟ ಹಿಡಿದು ಸೇರಿದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಮುಂದೆ ಸರ್ದಾರ್ ಪಟೇಲರು ಬಂದು ದಿವಾನ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದ ಮೇಲೆ ಸಂಸ್ಥಾನದ ಬಾವುಟದ ಜೊತೆಗೆ ರಾಷ್ಟ್ರೀಯ ಬಾವುಟವನ್ನೂ ಹಾರಿಸಲು ಅವಕಾಶ ದೊರೆಯಿತು. ಅಂದು ಎಷ್ಟು ಜನ ಸತ್ತರು? ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಇದನ್ನು ಪ್ರೌಢಶಾಲೆಯ ಮಕ್ಕಳಿಗೆ ಮುಚ್ಚಿಡಬಾರದು. ಎರಡೂ ಲೆಕ್ಕಗಳನ್ನು ಕರಿಹಲಗೆಯ ಮೇಲೆ ಬರೆದು, ಯಾರು ಎಣಿಸಿದರು, ಎಣಿಸಿದವರಿಗೆ ಹೆಚ್ಚು ಅಥವಾ ಕಡಿಮೆ ಹೇಳುವ ಕಾರಣವಿತ್ತೇ ಎಂದು ಕೇಳಬೇಕು. ಇತಿಹಾಸವೆಂಬ ವಿಷಯ ಹುಟ್ಟುವುದೇ ಅಲ್ಲಿ. ಕೈಯಲ್ಲಿರುವ ಮೊಬೈಲಿಗೆ ದಿನಕ್ಕೆ ನೂರು ಸುಳ್ಳು ಬಂದು ಬೀಳುವ ಈ ಕಾಲದಲ್ಲಿ, ಯಾರು ಎಣಿಸಿದರು ಎಂದು ಕೇಳುವ ಅಭ್ಯಾಸಕ್ಕಿಂತ ದೊಡ್ಡ ದೇಶಸೇವೆಯ ಪಾಠವನ್ನು ನಾನರಿಯೆ.

ಶಿಕಾರಿಪುರದ ದಿನಗಳಿಂದಲೂ ನಾನು ಪ್ರತಿ ಆಗಸ್ಟಿನಲ್ಲಿ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತಿದ್ದೆನೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮನೆಯ ಅಥವಾ ಕೇರಿಯ ಅತಿ ಹಿರಿಯರನ್ನು ಕಂಡು, "ನಿಮಗೆ ಸ್ವಾತಂತ್ರ್ಯ ಬಂತು ಅನ್ನಿಸಿದ್ದು ಯಾವಾಗ?" ಎಂದು ಕೇಳಿ, ಅವರ ಮಾತನ್ನು ಅವರ ಮಾತಿನಲ್ಲಿಯೇ ಬರೆದು ತರಬೇಕು. ಆಗಸ್ಟ್ ಹದಿನೈದು ಎಂದು ಬರೆದುಕೊಂಡು ಬರುವವರೇ ಹೆಚ್ಚಿರುತ್ತಾರೆಂದು ನೀವು ಊಹಿಸಬಹುದು. ಹಾಗಾಗುತ್ತಿರಲಿಲ್ಲ. ಒಬ್ಬ ಹುಡುಗನ ಅಜ್ಜ, "ಒಡೆಯರ ಅಂಗಳಕ್ಕೆ ಗೇಣಿ ಬತ್ತ ಅಳೆಯೋದು ನಿಂತು, ಪಹಣಿಯಲ್ಲಿ ನನ್ನ ಹೆಸರು ಬಂತಲ್ಲ, ಆವತ್ತು" ಎಂದಿದ್ದರು. ಆ ಒಂದು ಸಾಲಿನಿಂದ ಎರಡು ಅವಧಿಗಳ ಪಾಠ ಹುಟ್ಟಿತು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು, ಎಲ್ಲವೂ ಆ ಅಜ್ಜನ ಮಾತಿನೊಳಗಿದ್ದವು. ದೆಹಲಿಯ ಮಧ್ಯರಾತ್ರಿಯಿಂದ ಅವರ ಗದ್ದೆಯ ಬದುವಿಗೆ ಬರಲು ಸ್ವಾತಂತ್ರ್ಯಕ್ಕೆ ಇಪ್ಪತ್ತೇಳು ವರ್ಷ ಹಿಡಿದಿತ್ತು.

ಇನ್ನೊಂದು ವರ್ಷ, ಹಿಂದಿನ ಬೆಂಚಿನಲ್ಲಿ ಕುಳಿತು ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಉತ್ತರವನ್ನು ಓದಿದಳು. ಊರ ಬಾವಿಯಿಂದ ತಾವೇ ಕೊಡ ಇಳಿಸಿ ನೀರು ಸೇದಿದ ದಿನವೆಂದು ಅಜ್ಜಿ ಹೇಳಿದ್ದರು. ಅದು ಯಾವ ಇಸವಿಯೆಂದು ಅಜ್ಜಿಗೆ ನೆನಪಿರಲಿಲ್ಲ. "ನಿಮ್ಮಪ್ಪ ಹುಟ್ಟಿದ ಮೇಲೆ" ಎಂದಷ್ಟೇ ಅಂದಿದ್ದರಂತೆ. ತರಗತಿ ನಿಶ್ಶಬ್ದವಾಗಿತ್ತು. ಅದೇ ಬಾವಿಯ ನೀರು ಕುಡಿದು ಬೆಳೆದ ಬೇರೆ ಕೇರಿಯ ಮಕ್ಕಳೂ ಅಲ್ಲಿದ್ದರು. ಅಂದು ನಾನು ಸಂವಿಧಾನದ 17ನೆಯ ವಿಧಿಯನ್ನು ಓದಿ ಹೇಳಿದೆ. ಅಸ್ಪೃಶ್ಯತೆಯನ್ನು ರದ್ದುಗೊಳಿಸಿ, ಅದರ ಯಾವುದೇ ರೂಪದ ಆಚರಣೆಯನ್ನು ನಿಷೇಧಿಸುವ ಆ ವಿಧಿ 1950ರ ಜನವರಿ 26ರಿಂದ ಜಾರಿಯಲ್ಲಿದೆ. ಕಾನೂನು ಬಂದ ದಿನಕ್ಕೂ ಕೊಡ ಬಾವಿಗಿಳಿದ ದಿನಕ್ಕೂ ಎಷ್ಟು ವರ್ಷಗಳ ಅಂತರ, ಆ ಅಂತರಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ನಾನು ಕೇಳಬೇಕಾಗಲಿಲ್ಲ. ಅವರಿಗೆ ಅದು ತಿಳಿದಿತ್ತು.

ಸಂಭ್ರಮದ ದಿನ ಇಂಥ ಮಾತೇಕೆ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ಸಂಭ್ರಮ ಯಾರದು? 1947ರ ಆಗಸ್ಟ್ 15ರಂದು ಗಾಂಧಿಯವರು ದೆಹಲಿಯಲ್ಲಿರಲಿಲ್ಲ. ಗಲಭೆಯಿಂದ ಬೆಂದ ಕಲ್ಕತ್ತೆಯಲ್ಲಿ ಉಪವಾಸವಿದ್ದು, ಪ್ರಾರ್ಥನೆ ಮಾಡುತ್ತ, ನೂಲುತ್ತ ಆ ದಿನವನ್ನು ಕಳೆದರು. ಸ್ವಾತಂತ್ರ್ಯದ ದಿನ ಸಂತೋಷಪಡುವುದರ ಜೊತೆಗೆ ಇನ್ನೂ ಆಗಬೇಕಾದುದನ್ನು ನೆನೆಯುವ ಪದ್ಧತಿಯನ್ನು ಅವರೇ ಹಾಕಿಕೊಟ್ಟಿದ್ದಾರೆ. ಆ ಹುಡುಗಿಯ ಅಜ್ಜಿಯ ಮಾತು ಹಬ್ಬಕ್ಕೆ ಅಪಶಕುನವಲ್ಲ. ಅಂದು ಬೆಳಗ್ಗೆ ಬಾವುಟಕ್ಕೆ ವಂದಿಸಿದ ಆ ಮಗುವಿಗೆ ತನ್ನ ಮನೆಯ ಕಥೆಗೂ ಆ ಬಾವುಟದ ಕೆಳಗೆ ಜಾಗವಿದೆ ಎಂದು ಗೊತ್ತಾಯಿತು. ಶಾಲೆ ಇದನ್ನು ತಿಳಿಸದಿದ್ದರೆ ಬೇರೆ ಯಾರು ತಿಳಿಸುತ್ತಾರೆ?

ಇದೆಲ್ಲ ಪ್ರೌಢಶಾಲೆಯ ಮಾತಾಯಿತು. ಚಿಕ್ಕ ಮಕ್ಕಳಿಗೇನು ಹೇಳುವುದು ಎಂದು ಪ್ರಾಥಮಿಕ ಶಾಲೆಯಲ್ಲಿರುವ ನನ್ನ ಶಿಷ್ಯೆಯರು ಕೇಳುತ್ತಾರೆ. ಅವರಿಗೆ ಬಾವುಟವೇ ಸಾಕು. ಅದರ ಬಟ್ಟೆಯನ್ನು ಮುಟ್ಟಿ ನೋಡಲು ಬಿಡಿ. ಧಾರವಾಡದ ಬಳಿಯ ಗರಗದಲ್ಲಿ ಬಾವುಟದ ಖಾದಿ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನು ಹೊಲಿಯುತ್ತಾರೆ, ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಎಂದು ಹೇಳಿ. ಅಳತೆ ಮೂರಕ್ಕೆ ಎರಡು, ಚಕ್ರಕ್ಕೆ 24 ಅರೆಗಳು ಎಂದು ಎಣಿಸಲು ಹೇಳಿ. ನಿಯಮಗಳಿಗೆ 2021ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಗಳಿಗೂ ಅನುಮತಿ ದೊರೆಯಿತು. ಖಾದಿ ಕಾರ್ಮಿಕರು ಅದನ್ನು ವಿರೋಧಿಸಿದರು. ಯಾವುದು ಸರಿಯೆಂದು ಐದನೆಯ ತರಗತಿಯ ಮಕ್ಕಳೂ ತಮ್ಮ ಬುದ್ಧಿಗೆ ತಕ್ಕಂತೆ ವಾದಿಸಬಲ್ಲರು. ಸಂಜೆ ಮೋರಿಯ ಬದಿಯಲ್ಲಿ ಬಿದ್ದಿರುವ ಕಾಗದದ ಬಾವುಟಗಳನ್ನು ಆಯ್ದು ತರುವ ಕೆಲಸವನ್ನೂ ಅವರಿಗೇ ವಹಿಸಿ. ಅವುಗಳನ್ನು ನೆಲದ ಮೇಲೆ ಬಿಸಾಡಬಾರದೆಂದು ಧ್ವಜಸಂಹಿತೆಯೇ ಹೇಳುತ್ತದೆ.

ಇಷ್ಟನ್ನು ಈಗ ಅವಸರದಿಂದ ಬರೆಯಲು ಕಾರಣವಿದೆ. 1947ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಅಂಚಿನಲ್ಲಿದ್ದಾರೆ. ನನ್ನ ಸೇವೆಯ ಆರಂಭದಲ್ಲಿ ಮಕ್ಕಳು ಮನೆಗೆಲಸಕ್ಕೆಂದು ಹೊರಟರೆ ಪ್ರತಿ ಬೀದಿಯಲ್ಲಿಯೂ ಒಬ್ಬರು ಸಿಗುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಇಡೀ ಊರಿಗೆ ಒಬ್ಬಿಬ್ಬರು ಉಳಿದಿದ್ದರು. ರಾಯಚೂರಿನ ಆ ಅಜ್ಜಿಯೂ ಈಗಿಲ್ಲ. ದೆಹಲಿಯ ಮಧ್ಯರಾತ್ರಿಯ ಕಥೆಗೆ ಗ್ರಂಥಾಲಯಗಳಿವೆ, ಚಲನಚಿತ್ರಗಳಿವೆ. ಗೇಣಿ ಅಳೆಯುವುದು ನಿಂತ ದಿನಕ್ಕೆ, ಕೊಡ ಬಾವಿಗಿಳಿದ ದಿನಕ್ಕೆ ಒಂದು ತಲೆಮಾರಿನ ನಾಲಗೆಯೇ ದಾಖಲೆ. ಗೇಣಿಯ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಅವರೂ ಎಪ್ಪತ್ತು ದಾಟಿದವರು.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ನೆಂಟರಿಷ್ಟರಲ್ಲಿ ಒಂದು ವಿನಂತಿ. ಶಿಕ್ಷಕರಾಗಿರುವವರು ಆಗಸ್ಟ್ ಮೊದಲ ವಾರದಲ್ಲಿ ಎರಡು ಅವಧಿಗಳನ್ನು ಇದಕ್ಕೆ ಮೀಸಲಿಡಿ. ಒಂದರಲ್ಲಿ ನಿಮ್ಮ ಶಾಲೆಗೆ ಸಮೀಪದ ಊರಿನ ಹೋರಾಟವನ್ನು ಹೇಳಿ. ಉತ್ತರ ಕನ್ನಡದವರಿಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವಿದೆ. ಹಾವೇರಿಯವರಿಗೆ ದಂಡಿಯಾತ್ರೆಯಲ್ಲಿ ನಡೆದು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವಪ್ಪನವರಿದ್ದಾರೆ. ಬೆಳಗಾವಿಯವರಿಗೆ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ, 1924ರದು, ಇದೆ. ಇನ್ನೊಂದು ಅವಧಿಯಲ್ಲಿ ಮಕ್ಕಳು ಹಿರಿಯರಿಂದ ಬರೆದು ತಂದದ್ದನ್ನು ಓದಲಿ. ನೀವು ಸುಮ್ಮನೆ ಕೇಳಿ. ಊರು ಬಿಟ್ಟು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇರುವವರು ಮಕ್ಕಳ ಕೈಗೆ ಫೋನು ಕೊಟ್ಟು ಅಜ್ಜ ಅಜ್ಜಿಯರೊಡನೆ ಅರ್ಧ ಗಂಟೆ ಮಾತಾಡಿಸಿ. ಕೇಳಿದ್ದನ್ನು ಬರೆಸಿ, ಕೆಳಗೆ ದಿನಾಂಕ ಹಾಕಿಸಿ, ಮನೆಯ ಕಾಗದಪತ್ರಗಳ ಜೊತೆಗೆ ಇಡಿ.

ವೇದಿಕೆಯ ಮೇಲೆ ಅದನ್ನೇ ಓದಿದರೂ ಆಯಿತು. ಎರಡು ನಿಮಿಷ ಧಾರಾಳವಾಗಿ ಸಾಕಾಗುತ್ತದೆ, ಬಾಯಿಪಾಠದ ಅಗತ್ಯವೂ ಇರುವುದಿಲ್ಲ. ನಡುವೆ ಮಗು ತಡವರಿಸಿದರೆ ಸಾಲು ನೆನಪಿಸಿಕೊಡಲು ಸಭೆಯಲ್ಲಿ ಅದರ ಅಜ್ಜಿಯೇ ಕುಳಿತಿರಬಹುದು.